ಸಮಸ್ಯೆ: “ಅಕ್ಕರಮೈದುಂ ಕೊರಲ್ಗೆ ದನಿ ತಾನೊಂದೇ”

ಪೃಚ್ಛಕ:
ನಾಲ್ಕು ಪಾದಗಳ ಕಂದಪದ್ಯದ ಕಡೆಯ ಪಾದವನ್ನು ಮೇಲೆ ಕೊಟ್ಟಿದ್ದೇನೆ; ಅಕ್ಷರ ಐದಾದರೂ ಕೊರಳಿಗೆ ದನಿ ಒಂದೇ ಎಂದು ಅದರರ್ಥ. ಉಳಿದ ಮೂರು ಪಾದಗಳನ್ನು ರಚಿಸಿ ಪದ್ಯವನ್ನು ಪೂರ್ಣಗೊಳಿಸಬೇಕಾದವರು ಪೂರಕರು. ವಸ್ತು ಫ್ರೆಂಚ್ ಕ್ರಿಯಾಪದವೇ ಆಗಿರಬೇಕು. ಇಲ್ಲಿ ‘ಅಕ್ಕರ’ವೆಂದರೆ ಆ ಭಾಷೆಯ ಲಿಪಿಯ ಅಕ್ಷರವೇ ಹೊರತು ನಾವು ಛಂದಸ್ಸಿನಲ್ಲಿ ಎಣಿಸುವ ಅಕ್ಷರವಲ್ಲವೆಂಬುದನ್ನು ಪೂರಕರು ಗಮನಿಸಬೇಕು.

ಪೂರಕ:

ಪೊಕ್ಕಾ ಫ್ರೆಂಚಿನ ನುಡಿಯಂ
ಚೊಕ್ಕಂ ಬಹುವಚನದೊಂದು ಪದಮಂ ಬರೆದೆಂ |
ಸಿಕ್ಕಿರೆ ಮೌನದೆ ಕಡೆಯುಂ
ಅಕ್ಕರಮೈದುಂ ಕೊರಲ್ಗೆ ದನಿ ತಾನೊಂದೇ ||

ಪದ ಯಾವುದೆಂದು ತಾವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ‘ಹೊಂದಿರು’ ಎಂಬರ್ಥದ ‘ಅವ್ವಾರ್’ ಕ್ರಿಯಾಪದದ ಸಂಭಾವನಾರೂಪದಲ್ಲಿ, ‘ಅವರು’ ಎಂಬ ಪ್ರಥಮಪುರುಷ ಬಹುವಚನವನ್ನು ಎ, ಐ, ಇ, ಎನ್, ಟಿ (aient) ಎಂದು ಐದು ಅಕ್ಷರಗಳಲ್ಲಿ ಬರೆದು, ‘ಎ’ ಎಂದಷ್ಟೇ ಉಚ್ಚರಿಸುತ್ತಾರೆ. ಮೊದಲೆರಡು ಅಕ್ಷರ ಸೇರಿ ಸ್ವರವಾಗುತ್ತವೆ, ಉಳಿದ ಮೂರು ಮೌನ. ನಿಜ ಹೇಳಬೇಕೆಂದರೆ, ನಾನು ಮೊದಲು ‘ಮಾತನಾಡುತ್ತಾರೆ’ ಎಂಬರ್ಥದ ‘ಪಾರ್ಲ್’ (parlent) ಪದವನ್ನು ಹಿಡಿದು ಹೊರಟಿದ್ದೆ. ಅದಕ್ಕೆ ಏಳು ಅಕ್ಷರ. ಅಲ್ಲದೆ ಆಡುಮಾತಿನಲ್ಲಿ ಒಂದೇ ಉಚ್ಚಾರಾಂಶವಾಗಿರುವ ಅದನ್ನು, 12 ಉಚ್ಚಾರಾಂಶಗಳ ‘ಅಲೆಕ್ಸಾಂದ್ರಿನ್’ ಎಂಬ ಫ್ರೆಂಚ್ ಪದ್ಯಪಾದದ ನಡುವೆ ಬಂದಾಗ ‘ಪಾರ್-ಲ’ ಎಂದು ಎರಡಾಗಿ ಎಣಿಸಬೇಕು. ಪಾದಾಂತ್ಯದಲ್ಲಿ ಮಾತ್ರ ಕಡೆಯದು ಲೆಕ್ಕಕ್ಕಿಲ್ಲ. ನಾನು ಆರಿಸಿದ ರೂಪಕ್ಕೆ ಅವರ ಶಾಸ್ತ್ರೀಯ ಪದ್ಯದಲ್ಲೂ ಒಂದೇ ಎಣಿಕೆ.

ಓದುಗ:
ಪೂರಣ ಸೊಗಸಾಗಿದೆ. ‘ಪಾರ್ಲ್’ ಎಂದಿರಾದ್ದರಿಂದ ಒಂದು ಮಾತು. ‘ಮಾತನಾಡುತ್ತೇವೆ’ ಎನ್ನಲು ಅದೇ ಪ್ರಕೃತಿಗೆ ‘ಓಂ’ ಪ್ರತ್ಯಯ ಸೇರಿದಾಗ ಉಚ್ಚಾರಾಂಶಗಳು ‘ಪಾರ್-ಲೋಂ’ ಎಂದು ಒಡೆಯುತ್ತವೆ; ಪ್ರಕೃತಿಯ ಲಕಾರ ಪ್ರತ್ಯಯದ ಮನೆಗೆ ಹೋಗಿ ಕೂರುತ್ತದೆ. ನಮ್ಮ ‘ನೋಡು’ ಉಕಾರವನ್ನು ಕಳೆದುಕೊಂಡು ‘ನೋ-ಡಿ-ದ-ನು’ ಆಗುವಾಗ ಡಕಾರ ಮಾಡುವುದೂ ಇದನ್ನೇ. ‘ಮುಗಿಸುತ್ತೇವೆ’ ಎಂಬರ್ಥದ ಪದವಂತೂ ಫಿನ್, ಇಸ್, ಓಂ ಎಂಬ ಮೂರು ತುಂಡುಗಳದ್ದು. ‘ಫಿ-ನಿ-ಸೋಂ’ ಎಂದು ಉಚ್ಚರಿಸಿದೊಡನೆ ಎರಡು ಗಡಿಗಳೂ ಅಳಿಸಿಹೋಗುತ್ತವೆ.

ಇನ್ನು ನನ್ನ ಆಕ್ಷೇಪ. ತಮ್ಮ ಪದದ ಮುಂದೆ ಅದೇ ಕ್ರಿಯಾಪದದ ‘ಯು’ (eu; ನಮ್ಮ ಲಿಪಿಯಲ್ಲಿ ಯಕಾರದಂತೆ ಕಂಡರೂ ಫ್ರೆಂಚಿನಲ್ಲಿ ಅದು ಬರಿಯ ಸ್ವರ) ಎಂಬ ಭೂತಕೃದಂತ ಬಂದು, ಪದ್ಯವಾಚನದಲ್ಲಿ ಎರಡನ್ನೂ ಕೂಡಿಸಿ ಓದಿದರೆ, ಮಲಗಿದ್ದ ಟಿ ಎದ್ದು ‘ಎ-ತ್ಯು’ ಎಂದು ಕೇಳಿಸುತ್ತದೆ. ಆಗ ‘ದನಿ ತಾನೊಂದೇ’ ಎನ್ನುವುದು ಹೇಗೆ ನಿಂತೀತು?

ಪೃಚ್ಛಕ:
ಆಕ್ಷೇಪ ಸರಿಯಾದುದೇ. ಆದರೆ ಎದ್ದ ತಕಾರ ಮುಂದಿನ ಪದದ ಉಚ್ಚಾರಾಂಶಕ್ಕೆ ಸೇರಿಹೋಗುವುದರಿಂದ, ಹಿಂದಿನ ಪದದ ಪಾಲಿಗೆ ಉಳಿಯುವುದು ‘ಎ’ ಒಂದೇ, ಪೂರಣಕ್ಕೆ ಬಾಧೆಯಿಲ್ಲ. ಎರಡನೆಯ ಪಾದದ ‘ಚೊಕ್ಕಂ’ ಮಾತ್ರ ಪ್ರಾಸಕ್ಕಾಗಿಯೇ ತುಂಬಿದಂತೆ ಕಾಣುತ್ತದೆ. ಪೂರಕರು ಅದೊಂದನ್ನು ತಿದ್ದಿ ಮತ್ತೆ ಕಳುಹಿಸಬೇಕು.