ಸಾಲಿಟಾನ್ ಆಕಾರ ಕೆಡುವುದಿಲ್ಲವೆಂದಾದರೆ ವರ್ಧನೆ ಏಕೆ ಬೇಕು?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿನಿ, ಬೆಳಗಾವಿ):
ಆಪ್ಟಿಕಲ್ ಫೈಬರಿನಲ್ಲಿ ಸಾಲಿಟಾನ್ ಪಲ್ಸ್, ಅಂದರೆ ತನ್ನ ಆಕಾರವನ್ನು ತಾನೇ ಕಾಯ್ದುಕೊಳ್ಳುವ ಬೆಳಕಿನ ಕಿರು ಮಿಡಿತ, ಎಷ್ಟು ದೂರ ಸಾಗಿದರೂ ಅಗಲವಾಗುವುದಿಲ್ಲ ಎಂದು ಸೆಮಿನಾರಿಗಾಗಿ ಬರೆದುಕೊಂಡಿದ್ದೇನೆ. ಆದರೆ ಅದರ ಪ್ರಯೋಗಗಳಲ್ಲೂ ದಾರಿಯುದ್ದಕ್ಕೂ ಬೆಳಕನ್ನು ವರ್ಧಿಸಿದ್ದಾರೆ. ಆಕಾರ ಕೆಡದ ಪಲ್ಸಿಗೆ ಮತ್ತೆ ಶಕ್ತಿ ತುಂಬುವುದೇಕೆ? ಇಂದಿನ ಕೇಬಲ್‌ಗಳಲ್ಲಿ ಅದರ ಬಳಕೆ ಏಕೆ ಕಾಣುವುದಿಲ್ಲ?

ಉತ್ತರ (ಉಪನ್ಯಾಸಕ, ವಿಜಯಪುರ):
ತಂಗಿ, ನಿಮ್ಮ ಟಿಪ್ಪಣಿಯಲ್ಲಿ ‘ನಷ್ಟವಿಲ್ಲದ ಫೈಬರಿನಲ್ಲಿ’ ಎಂಬ ಮಾತು ಬಿಟ್ಟುಹೋಗಿದೆ. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ ಸಾಮಾನ್ಯ ಫೈಬರಿನೊಳಗೆ ಕಡಿಮೆ ತರಂಗಾಂತರದ ಬೆಳಕು ಮುಂದೋಡಿ, ಹೆಚ್ಚಿನದು ಹಿಂದುಳಿಯುವುದರಿಂದ ಪಲ್ಸ್ ಹರಡುತ್ತದೆ, ಇದೇ ಡಿಸ್ಪರ್ಷನ್. ಇನ್ನೊಂದೆಡೆ, ಬೆಳಕಿನ ತೀವ್ರತೆ ಏರಿದಷ್ಟೂ ಗಾಜಿನ ವಕ್ರೀಭವನಾಂಕ ತುಸು ಹೆಚ್ಚುವ ಕೆರ್ ಪರಿಣಾಮದಿಂದ ಪಲ್ಸಿನ ಮುಂಭಾಗದ ಆವರ್ತನ ಇಳಿದು, ಹಿಂಭಾಗದ್ದು ಏರುತ್ತದೆ. ಹೀಗಾಗಿ ಮುಂದಿನದು ನಿಧಾನಿಸಿ, ಹಿಂದಿನದು ಚುರುಕಾಗಿ, ಎರಡೂ ನಡುವಿಗೆ ಸರಿಯುತ್ತವೆ. ಈ ಹರಡುವಿಕೆಯೂ ಕುಗ್ಗುವಿಕೆಯೂ ಸರಿದೂಗುವುದು ಪಲ್ಸಿನ ಅಗಲಕ್ಕೆ ತಕ್ಕ ಒಂದು ನಿರ್ದಿಷ್ಟ ಶಕ್ತಿಯಲ್ಲಿ ಮಾತ್ರ. ಫೈಬರ್ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ನುಂಗುವುದರಿಂದ 15 ಕಿಲೋಮೀಟರಿಗೆ ಶಕ್ತಿ ಅರ್ಧವಾಗುತ್ತದೆ, 100 ಕಿಲೋಮೀಟರಿಗೆ ನೂರರಲ್ಲೊಂದು ಪಾಲು ಉಳಿಯುತ್ತದೆ. ಡಿಸ್ಪರ್ಷನ್ ಮಾತ್ರ ಇದ್ದಷ್ಟೇ ಇರುವುದರಿಂದ ಸಮತೋಲ ತಪ್ಪಿ ಪಲ್ಸ್ ಹರಡತೊಡಗುತ್ತದೆ. ಆದ್ದರಿಂದಲೇ 1988ರಲ್ಲಿ ವಿಜ್ಞಾನಿಗಳಾದ ಮೊಲ್ಲೆನಾಯರ್ ಮತ್ತು ಸ್ಮಿತ್ ಒಂದೇ ಫೈಬರ್ ಸುರುಳಿಯಲ್ಲಿ ಪಲ್ಸನ್ನು ಮತ್ತೆ ಮತ್ತೆ ಸುತ್ತಿಸಿ 4000 ಕಿಲೋಮೀಟರ್ ದಾಟಿಸಿದಾಗ ರಾಮನ್ ವರ್ಧನೆಯನ್ನು, ಅಂದರೆ ಫೈಬರಿಗೆ ಹಾಯಿಸಿದ ಇನ್ನೊಂದು ಪ್ರಬಲ ಬೆಳಕಿನಿಂದ ಪಲ್ಸಿಗೆ ಶಕ್ತಿ ದಾಟಿಸುವ ವಿಧಾನವನ್ನು, ಬಳಸಿದರು. ಹೌದು, ನಮ್ಮ ಸಿ.ವಿ. ರಾಮನ್ ಅವರ ಪರಿಣಾಮವೇ.

ಉತ್ತರ (ನಿವೃತ್ತ ದೂರಸಂಪರ್ಕ ಎಂಜಿನಿಯರ್, ಬಾಗಲಕೋಟೆ):
ಘಟಪ್ರಭಾ ಕಾಲುವೆಗೆ ಕಲ್ಲೆಸೆದರೆ ಏಳುವ ಅಲೆ ನೋಡನೋಡುತ್ತಲೇ ಚದುರಿಹೋಗುತ್ತದೆ. 1834ರಲ್ಲಿ ಎಡಿನ್‌ಬರೋ ಬಳಿಯ ಕಾಲುವೆಯಲ್ಲಿ ಎಂಜಿನಿಯರ್ ಜಾನ್ ಸ್ಕಾಟ್ ರಸ್ಸೆಲ್ ಕುದುರೆಯೇರಿ ಬೆನ್ನಟ್ಟಿದ ಅಲೆ ಹಾಗೆ ಚದುರಲಿಲ್ಲ, ಅದು ನೀರಿನ ಸಾಲಿಟಾನ್. ಆದರೂ ಅದರ ಎತ್ತರ ಇಳಿಯುತ್ತ ಹೋಗಿ, ಒಂದೆರಡು ಮೈಲಿಯಲ್ಲಿ ಅದು ಕಣ್ಮರೆಯಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಚದುರದ ಅಲೆಯೂ ಶಕ್ತಿ ಕಳೆದುಕೊಳ್ಳುತ್ತದೆ.

ಎರಡನೆಯದಕ್ಕೆ ಬಂದರೆ, ವರ್ಧಕವು ಬೆಳಕಿನ ಜೊತೆಗೆ ಗದ್ದಲವನ್ನೂ ಸೇರಿಸುತ್ತದೆ. ಆ ಗದ್ದಲ ಪ್ರತಿ ಪಲ್ಸಿನ ಆವರ್ತನವನ್ನು ತುಸು ಕದಲಿಸುತ್ತದೆ, ಅದರಿಂದ ವೇಗ ಬದಲಾಗಿ ಪಲ್ಸು ತನ್ನ ಸಮಯ ತಪ್ಪಿ ತಲುಪುತ್ತದೆ. ಇದನ್ನು 1986ರಲ್ಲಿ ವಿಜ್ಞಾನಿಗಳಾದ ಗಾರ್ಡನ್ ಮತ್ತು ಹೌಸ್ ಲೆಕ್ಕ ಹಾಕಿ ತೋರಿಸಿದರು. ಒಂದೇ ಫೈಬರಿನಲ್ಲಿ ಹಲವು ತರಂಗಾಂತರಗಳನ್ನು ಕಳಿಸಿದಾಗ ಸಾಲಿಟಾನ್‌ಗಳು ಪರಸ್ಪರ ಹಾದುಹೋಗುವ ತೊಡಕು ಬೇರೆ. ಬೆಳಕಿನ ತೀವ್ರತೆಯ ಜೊತೆಗೆ ಅದರ ಅಲೆಯ ಹಂತವನ್ನೂ (ಫೇಸ್) ಅಳೆಯುವ ಈಗಿನ ಕೊಹೆರೆಂಟ್ ರಿಸೀವರ್ ಡಿಸ್ಪರ್ಷನ್ನನ್ನು ಕೊನೆಯಲ್ಲಿ ಲೆಕ್ಕಾಚಾರದಿಂದಲೇ ತೆಗೆದುಹಾಕುವಾಗ, ದಾರಿಯುದ್ದಕ್ಕೂ ಇಷ್ಟು ನಾಜೂಕಾದ ಸಮತೋಲ ಕಾಯುವ ಅಗತ್ಯ ಉಳಿಯಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಶಕ್ತಿ ಇಳಿದಂತೆ ಡಿಸ್ಪರ್ಷನ್ ಕೂಡ ಇಳಿಯುವ ಫೈಬರನ್ನೇ ಮಾಡಬಹುದಲ್ಲವೇ, ಗುರುಗಳೇ?

ಉತ್ತರ (ಉಪನ್ಯಾಸಕ, ವಿಜಯಪುರ):
ಕಾಯಿಸಿದ ಗಾಜನ್ನು ಫೈಬರಾಗಿ ಎಳೆಯುವಾಗಲೇ, ಬೆಳಕು ಸಾಗುವ ಒಳತಿರುಳಾದ ಕೋರ್‌ನ ವ್ಯಾಸವನ್ನು ಕ್ರಮೇಣ ಬದಲಿಸಿ ಅಂಥದ್ದನ್ನು ಮಾಡಿದ್ದಾರೆ. ಆದರೆ ಅದು ಒಂದೇ ದಿಕ್ಕಿನ ಸಂಚಾರಕ್ಕೆ ಒದಗುತ್ತದೆ. ಅಲ್ಲದೆ, ಈಗಾಗಲೇ ನೆಲದಲ್ಲಿ ಹೂತ ಕೇಬಲ್ಲನ್ನು ಅಗೆದು ಬದಲಿಸುವವರಾರು?