ವಾಲಿ ಬೆಂಗಳೂರಲ್ಲಿ, ಸುಗ್ರೀವ ಕೊಚ್ಚಿಯಲ್ಲಿ: ಕನ್ನಡ ಸಂಘ ನಡೆಸುವುದು ಹೇಗೆ?

ಪ್ರಶ್ನೆ (ಕಾರ್ಯದರ್ಶಿ, ಕಾಸರಗೋಡು ಕಡೆಯ ಒಂದು ಕಾಲೇಜು)

ನಮ್ಮ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ 140 ಜನ ಇದ್ದಾರೆ. ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪಾತ್ರಗಳ ಮಾತು ಹೇಳುವ ಯಕ್ಷಗಾನ, ಆ ಮಾತಿಗೇ 'ಅರ್ಥ' ಅನ್ನುವುದು) ಅಭ್ಯಾಸಕ್ಕೆ ಬರುವವರು ಆರು. ಉಳಿದವರೆಲ್ಲ ಸೋಮಾರಿಗಳು ಅಂತ ಅಲ್ಲ, ಅರ್ಧ ಜನ ಊರಲ್ಲೇ ಇಲ್ಲ. ಸೆಪ್ಟೆಂಬರಿನಲ್ಲಿ ಒಂದು ಗುಂಪು ಇಂಟರ್ನ್‌ಶಿಪ್‌ಗೆ ಹೋಗುತ್ತದೆ, ಜನವರಿಯಲ್ಲಿ ಇನ್ನೊಂದು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಡಿಗ್ರಿ ಮಕ್ಕಳಿಗೂ ಇಂಟರ್ನ್‌ಶಿಪ್ ಉಂಟು.

ನವೆಂಬರ್ 1ರ ಕಥೆ ಕೇಳಿ. ಇಲ್ಲಿ ಅದೇ ದಿನ ಕೇರಳ ಪಿರವಿ (ಕೇರಳ ರಾಜ್ಯ ಹುಟ್ಟಿದ ದಿನ), ಅದೇ ದಿನ ಕನ್ನಡ ರಾಜ್ಯೋತ್ಸವ, ಇರುವ ಹಾಲ್ ಒಂದೇ. ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ವಾಲಿಯ ಅರ್ಥ ಹೇಳುವವನಿಗೆ ಬೆಂಗಳೂರಲ್ಲಿ ರಜೆ ಸಿಗಲಿಲ್ಲ. ವಿಡಿಯೋ ಕಾಲ್‌ನಲ್ಲಿ ಹೇಳುತ್ತೇನೆ ಅಂದ. ರಾಮ ಬಾಣ ಬಿಡುವ ಮೊದಲೇ ವಾಲಿಯ ನೆಟ್‌ವರ್ಕ್ ಹೋಯಿತು. ಚೆಂಡೆ ಇದ್ದ ಕಪಾಟಿನ ಬೀಗದ ಕೈ ಸುಗ್ರೀವನ ಜೊತೆ ಕೊಚ್ಚಿಯಲ್ಲಿ. ಬೀಗ ಒಡೆದು ನೋಡಿದರೆ, ಮಳೆಗಾಲ ಇಡೀ ಒಳಗೇ ಕೂತ ಚೆಂಡೆಗೆ ಬೂಷ್ಟು ಹಿಡಿದಿತ್ತು.

ಇದನ್ನೆಲ್ಲ ನಗಾಡಿ ಮರೆಯಬಹುದು. ಮರೆಯಲಿಕ್ಕೆ ಆಗದ್ದು ಬೇರೆ. ನಮ್ಮ ಭಿತ್ತಿಪತ್ರಿಕೆ ಶುರು ಮಾಡಿದ ಅಕ್ಕ ಆರು ತಿಂಗಳು ಹೊರಗಿದ್ದು ಜುಲೈಯಲ್ಲಿ ಬಂದಳು. ಅಭ್ಯಾಸಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಹೊಸ ಹುಡುಗನೊಬ್ಬ "ಅಕ್ಕ, ನೀವು ಯಾವ ಡಿಪಾರ್ಟ್‌ಮೆಂಟ್?" ಅಂತ ಕೇಳಿದ. ಅವನ ಬೆನ್ನ ಹಿಂದೆಯೇ ಗೋಡೆಯಲ್ಲಿ ಅವಳು ಬರೆದ ತಲೆಬರಹ. ಮತ್ತೆ ಅವಳು ಬರಲಿಲ್ಲ.

ಜನವರಿಯಲ್ಲಿ ನಾನೂ ಹೊರಡುವವಳು. ಅರ್ಧ ಜನ ಯಾವಾಗಲೂ ಹೊರಗಿರುವ ಸಂಘವನ್ನು ನಡೆಸುವುದು ಹೇಗೆ? ಬಂದವರಿಗೆ ಜಾಗ ಉಳಿಸಿಡುವುದು ಹೇಗೆ?

ಉತ್ತರ 1 (ಬದಿಯಡ್ಕದವ)

ಹೋದವರ ವಿಷಯ ಆಯಿತು, ಇಲ್ಲೇ ಇರುವವರನ್ನು ಕೇಳಿದ್ದೀರಾ? ನಾನು ದಿನಾ ಬಸ್ಸಿನಲ್ಲಿ ಬಂದು ಹೋಗುವವ. ನಮ್ಮ ಕಾಲೇಜಿನಲ್ಲೂ ಅಭ್ಯಾಸ ಸಂಜೆ ಐದಕ್ಕೆ, ಅಂದರೆ ಹಾಸ್ಟೆಲಿನವರಿಗೆ ಮಾತ್ರ. ಇಂಟರ್ನ್‌ಶಿಪ್‌ಗೆ ಹೋಗುವವರೂ ಹೆಚ್ಚು ಅವರೇ. ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಗಂಟೆ ಮಾಡಿ ನೋಡಿ, ಆರು ಹನ್ನೆರಡಾಗುತ್ತದೆ. ಮತ್ತೆ, ಚೆಂಡೆಯನ್ನು ಕಪಾಟಿನಲ್ಲಿ ಇಡುವುದು ಎಂತಕ್ಕೆ ಮಾರಾಯ್ರೆ? ಹತ್ತಿರದ ಭಾಗವತರ (ಯಕ್ಷಗಾನದ ಹಾಡು ಹೇಳುವವರ) ಮನೆಯಲ್ಲಿಡಿ. ಅವರು ಎಲ್ಲಿಗೂ ಹೋಗುವುದಿಲ್ಲ, ದಿನಾ ಬಾರಿಸುವ ಕೈಯೂ ಅಲ್ಲಿ ಉಂಟು.

ಉತ್ತರ 2 (ಹಳೆ ವಿದ್ಯಾರ್ಥಿ, ಕೆನಡಾ)

ನಾನಿರುವ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾದಾಗಲೇ ಕೆಲವು ತಿಂಗಳು ಪಾಠ, ಕೆಲವು ತಿಂಗಳು ಕೆಲಸ ಎಂಬ ಕೋ-ಆಪ್ ಪದ್ಧತಿ ಇಟ್ಟುಕೊಂಡದ್ದು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಸಂಘವನ್ನೇ 'ಎ', 'ಬಿ' ಅಂತ ಎರಡು ಮಾಡಿಕೊಂಡಿದ್ದರು. ಒಂದು ಹೊರಗೆ ಹೋದಾಗ ಇನ್ನೊಂದು ಒಳಗೆ, ಎರಡಕ್ಕೂ ಬೇರೆ ಬೇರೆ ಪದಾಧಿಕಾರಿಗಳು. ಹೊರಗಿರುವವರನ್ನು 'ಗೈರುಹಾಜರಿ' ಅಂತ ಯಾರೂ ನೋಡುವುದಿಲ್ಲ, ಅದು ಅವರ ಸರದಿ ಅಷ್ಟೆ. ಆನ್‌ಲೈನ್ ಮೀಟಿಂಗ್ ಮಾತ್ರ ನಂಬಬೇಡಿ. ನಿಮ್ಮ ರಾತ್ರಿ ಎಂಟಕ್ಕೆ ಈಗ ನನಗೆ ಬೆಳಿಗ್ಗೆ ಒಂಬತ್ತೂವರೆ, ಕ್ಲಾಸ್ ಹೊತ್ತು. ಎರಡು ಸಲ ಬಂದೆ, ಮೂರನೆಯ ಸಲ ಮೈಕ್ ಮ್ಯೂಟ್ ಮಾಡಿ ಕೂತೆ, ಮತ್ತೆ ಬಿಟ್ಟೆ.

ಉತ್ತರ 3 (ಅತಿಥಿ ಉಪನ್ಯಾಸಕಿ)

ನಾವೂ ಮಾರ್ಚ್ ಕಳೆದರೆ ಮನೆಗೆ ಹೋಗುವವರೇ ಮಗಾ, ಹಾಗಾಗಿ ಈ ಕಷ್ಟ ಗೊತ್ತು. ಒಂದು ನೋಟ್‌ಬುಕ್ ಇಡು. ಹಾಲ್‌ಗೆ ಯಾರಿಗೆ ಅರ್ಜಿ, ಮೈಕಿನವನಿಗೆ ಎಷ್ಟು ಕೊಟ್ಟದ್ದು, ಚಕ್ರತಾಳ ಯಾರದ್ದು, ಎಲ್ಲ ಬರೆ. ಬೀಳ್ಕೊಡುಗೆಯ ದಿನ ಅದನ್ನು ಕೊಟ್ಟರೆ ಪ್ರಯೋಜನವಿಲ್ಲ. ಹೊರಡುವ ಒಂದು ತಿಂಗಳ ಮೊದಲೇ ಹೊಸಬನ ಕೈಗೆ ಕೆಲಸ ಕೊಟ್ಟು, ನೀನು ಪಕ್ಕದಲ್ಲಿ ಸುಮ್ಮನೆ ಕೂರು. ಸುಮ್ಮನೆ ಕೂರುವುದೇ ಕಷ್ಟ. ಆ ಅಕ್ಕನ ವಿಷಯದಲ್ಲಿ ತಪ್ಪು ಹುಡುಗನದ್ದಲ್ಲ. ಅವಳು ಬರುವಾಗ ಮಾಡಲಿಕ್ಕೆ ಒಂದು ಕೆಲಸ ಇರಲಿಲ್ಲ. ಕೆಲಸ ಇಲ್ಲದವರು ನೆಂಟರಾಗುತ್ತಾರೆ.

ಪ್ರಶ್ನೆ ಕೇಳಿದವಳು

ಅಣ್ಣ, ಗ್ರೂಪಿನಲ್ಲಿ 140 ಇದ್ದರೂ ಕೆಲಸಕ್ಕೆ ಸಿಗುವವರು ಇಪ್ಪತ್ತು ಜನ. ಎರಡು ಮಾಡಿದರೆ 'ಎ'ಯಲ್ಲಿ ಭಾಗವತ, 'ಬಿ'ಯಲ್ಲಿ ಮದ್ದಳೆ ಆದೀತು! ಆದರೆ ಸರದಿ ಎಂಬ ಮಾತು ಹಿಡಿಸಿತು. ಗ್ರೂಪಿನಲ್ಲಿ ಯಾರು ಯಾವ ತಿಂಗಳು ವಾಪಸ್ ಅಂತ ಬರೆಸಿದೆ, ಇಪ್ಪತ್ತಮೂರು ಜನ ತಾರೀಕು ಕೊಟ್ಟರು.

ಊಟದ ಹೊತ್ತಿಗೆ ನಿನ್ನೆ ಹತ್ತು ಮಂದಿ ಬಂದರು, ಹನ್ನೆರಡಲ್ಲ. ಚೆಂಡೆ ಭಾಗವತರ ಮನೆಗೆ ಹೋಯಿತು. ನೋಡಿದ್ದೇ ಅವರು ನನ್ನನ್ನು ಚೆನ್ನಾಗಿ ಬೈದರು.

ಮೇಡಂ, ಅಕ್ಕನಿಗೆ ಫೋನ್ ಮಾಡಿದೆ. ಈಗ ಕುಂಬಳೆಯ ಮನೆಯಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ, ಏಪ್ರಿಲಿನಲ್ಲಿ ಹೋಗುವುದಂತೆ. ಶನಿವಾರ ವಾಲಿಯ ಅರ್ಥ ನೀನೇ ಹೇಳಬೇಕು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ವಾಲಿ ಮರೆತುಹೋಗಿದೆ, ಸುಗ್ರೀವ ಬೇಕಾದರೆ ಹೇಳುತ್ತೇನೆ" ಅಂದಳು.

ಈಗ ವಾಲಿ ಹುಡುಕಬೇಕು.