ಚಾರ್ಮಾಡಿ ಹತ್ತುವಾಗ ಪಿಕಪ್ ನಿಂತು ಹೋಗುತ್ತಿದೆ, ಎಲ್ಲ ಮಾಡಿ ಆಯಿತು, ಯಾರಾದರೂ ಸಹಾಯ ಮಾಡಿ

ಮೂಡಿಗೆರೆ ಪಿಕಪ್:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ಉಜಿರೆಯಿಂದ ಘಾಟಿ ಹತ್ತುವಾಗ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಗಾಡಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಓಡಿಸಿದರೆ ತೊಂದರೆ ಇಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆಸಿದ್ದೇನೆ. ಫಿಲ್ಟರ್ ಹೊಸದು, ಪ್ಲಗ್ ಹೊಸದು. ಕಳೆದ ಭಾನುವಾರ ತಿರುವಿನಲ್ಲೇ ನಿಂತು ಹಿಂದೆ ಬಸ್ಸುಗಳ ಸಾಲು. ಅಪ್ಪ ಓಡಿಸಿದ ಗಾಡಿ, ಮಾರುವ ಮಾತೇ ಇಲ್ಲ. ಏನು ಮಾಡಲಿ?

ಹಾಸನ ಹರಿಕೇನ್:
ಇದು ವೇಪರ್ ಲಾಕ್, ನೂರಕ್ಕೆ ನೂರು. ಎಂಜಿನ್ ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಎಳೆದು ಕೊಡುವ ಎ.ಸಿ. ಕಂಪನಿ ಪಂಪಿಗೆ ಆವಿ ಎಳೆಯೋಕೆ ಆಗಲ್ಲ. ಗೋಣಿಚೀಲ ಒದ್ದೆ ಮಾಡಿ ಪಂಪಿನ ಮೇಲೆ ಹಾಕಿ, ಹತ್ತೇ ನಿಮಿಷ.

ಸಕಲೇಶಪುರದವನು:
ಗಾಡಿ ಯಾವುದು ಅಂತಲೇ ಹೇಳಿಲ್ಲವಲ್ಲ ಸರ್. ವಿಲ್ಲಿಸ್ ಜೀಪ್ ಪಿಕಪ್ಪಾ? ಪೆಟ್ರೋಲಾ, ಡೀಸೆಲ್ ಎಂಜಿನ್ ಕೂರಿಸಿದ್ದೀರಾ?

ಮೂಡಿಗೆರೆ ಪಿಕಪ್:
ಕ್ಷಮಿಸಿ, ಫೋಟೋ ಹಾಕಿದ್ದೇನೆ ಅಂದುಕೊಂಡೆ. ಎಫ್.ಸಿ. 150, ಮುಂದೆ ಮೂತಿ ಇಲ್ಲದ ಹಳೇ ವಿಲ್ಲಿಸ್ ಜೀಪ್ ಪಿಕಪ್. ಮೊದಲಿನ ಹರಿಕೇನ್ ಪೆಟ್ರೋಲ್ ಎಂಜಿನ್ನೇ ಇದೆ, 12 ವೋಲ್ಟ್. ಗೋಣಿಚೀಲ ಹಾಕಿ ನೋಡಿದೆ. 25 ನಿಮಿಷದ ಮೇಲೆ ಸ್ಟಾರ್ಟ್ ಆಯಿತು.

ಹಾಸನ ಹರಿಕೇನ್:
ನೋಡಿದಿರಾ, ನಾನು ಹೇಳಿದ್ದೇ. ಎಫ್.ಸಿ. ಅಂದರೆ ಇನ್ನೂ ಜಾಸ್ತಿ. ಎರಡು ಸೀಟಿನ ನಡುವೆ ಕವರ್ ಕೆಳಗೆ ಎಂಜಿನ್, ಗಾಳಿ ಆಡುವ ಜಾಗವೇ ಇಲ್ಲ. ನನ್ನ ಎಫ್.ಸಿ.ಗೆ ಟ್ಯಾಂಕ್ ಪಕ್ಕದಲ್ಲೇ ಎಲೆಕ್ಟ್ರಿಕ್ ಪಂಪ್ ಹಾಕಿದ್ದೇನೆ. ಮುಂದೆ ಡಿಸ್ಕ್ ಬ್ರೇಕ್, ಪವರ್ ಸ್ಟೀರಿಂಗ್, ಐದು ಗೇರು. ಬಿಸಿಲೆ ಘಾಟಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸುತ್ತೇನೆ. ಸುಮ್ನೆ ಯೋಚನೆ ಮಾಡಬೇಡಿ, ಎಲೆಕ್ಟ್ರಿಕ್ ಪಂಪ್ ಹಾಕಿಸಿ.

ಕಾಫಿತೋಟ ಜೀಪ್:
ಪಂಪಿನದ್ದಲ್ಲ, ಪೆಟ್ರೋಲಿನದ್ದೇ ತಪ್ಪು. ಈಗ ಬರುವ 20 ಶೇಕಡಾ ಎಥನಾಲ್ ಪೆಟ್ರೋಲಿಗೆ ಪಂಪಿನೊಳಗಿನ ಆ ಕಾಲದ ರಬ್ಬರ್ ಪೊರೆ, ಅಂದರೆ ಡಯಾಫ್ರಂ, ತಡೆಯಲ್ಲ.

ಹಾಸನ ಹರಿಕೇನ್:
ಡಯಾಫ್ರಂ ಹೋಗಿದ್ದರೆ ಊರೊಳಗೂ ತೊಂದರೆ ಕೊಡಬೇಕಿತ್ತು ಅಲ್ವಾ? ಇನ್ನು ಡಿಸ್ಕ್ ಬ್ರೇಕ್ ಹಾಕಿದರೆ ಅದು ವಿಲ್ಲಿಸ್ ಅಲ್ಲ ಅಂತ ನೀವು ಹೋದ ವರ್ಷ ಬರೆದಿದ್ದು ನನಗೆ ನೆನಪಿದೆ.

ಕಾಫಿತೋಟ ಜೀಪ್:
ಈಗಲೂ ಅದನ್ನೇ ಹೇಳುತ್ತೇನೆ. ಅಮೆರಿಕದ ವಿನ್ಯಾಸಕ ಬ್ರೂಕ್ಸ್ ಸ್ಟೀವನ್ಸ್ ಮಾಡಿದ ವಿನ್ಯಾಸ ಎಫ್.ಸಿ. ಮುಂದಿನ ಹಿಂದಿನ ಚಕ್ರದ ನಡುವೆ ಬರೀ 81 ಇಂಚಿನ ವೀಲ್‌ಬೇಸ್, ಸಿ.ಜೆ. 5 ಜೀಪಿನಷ್ಟೇ. ಅಷ್ಟರಲ್ಲಿ ಪೂರ್ತಿ ಲೋಡ್ ಹೊರುವ ಪಿಕಪ್ ಕೂರಿಸಿದ್ದಾರೆ. ಅದನ್ನು ಹೇಗಿತ್ತೋ ಹಾಗೇ ಇಟ್ಟುಕೊಳ್ಳುವುದೇ ಮರ್ಯಾದೆ.

ಡೆಲ್ಕೋ ಶಿವಮೊಗ್ಗ:
ಜಗಳ ಆಮೇಲೆ ಮಾಡಿ. ಮೂಡಿಗೆರೆಯವರೇ, ಗಾಡಿ ನಿಲ್ಲುವ ಮುಂಚೆ ಎಳೆದಾಡುತ್ತದಾ? ಇಲ್ಲಾ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಥಟ್ಟನೆ ನಿಲ್ಲುತ್ತದಾ? ಪೆಟ್ರೋಲ್ ಬರದಿದ್ದರೆ ತಡವರಿಸಿ, ಜಗ್ಗಿ, ಆಮೇಲೆ ಸಾಯುತ್ತದೆ. ಕಿಡಿ ಹೋದರೆ ಒಂದೇ ಏಟು. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಗುವುದು ವೇಪರ್ ಲಾಕಿಗೆ ಸಾಕ್ಷಿಯಲ್ಲ. ಅಷ್ಟು ಹೊತ್ತಿಗೆ ಪಂಪೂ ತಣ್ಣಗಾಗುತ್ತದೆ, ಪ್ಲಗ್ಗಿಗೆ ಕಿಡಿ ಹುಟ್ಟಿಸುವ ಕಾಯಿಲೂ ತಣ್ಣಗಾಗುತ್ತದೆ.

ಮೂಡಿಗೆರೆ ಪಿಕಪ್:
ಥಟ್ಟನೆ ನಿಲ್ಲುತ್ತದೆ ಸರ್. ಎಳೆದಾಟ ಏನೂ ಇಲ್ಲ. ಒಂದು ವಿಷಯ ಬಿಟ್ಟಿದ್ದೆ. ಎರಡು ತಿಂಗಳ ಹಿಂದೆ ಕಾಯಿಲ್ ಬದಲಾಯಿಸಿದ್ದು. ಆಮೇಲೆ ಡೆಲ್ಕೋದಲ್ಲಿ (ಡಿಸ್ಟ್ರಿಬ್ಯೂಟರ್) ಕಾಯಿಲಿನ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ಎರಡು ಸಲ ಸುಟ್ಟಿದೆ. ಗ್ಯಾಪ್ 20 ಥೌ (ಇಂಚಿನ ಸಾವಿರದಲ್ಲಿ 20 ಪಾಲು) ಇಟ್ಟು ಹೊಸದು ಹಾಕಿದ್ದೆ. ಕಳಪೆ ಮಾಲು ಅಂದುಕೊಂಡೆ.

ಡೆಲ್ಕೋ ಶಿವಮೊಗ್ಗ:
ಅಯ್ಯೋ, ಅದೇ ಮುಖ್ಯ! ಎರಡು ವೈರೂ ಬಿಚ್ಚಿ ಕಾಯಿಲಿನ ಪ್ಲಸ್ಸಿಗೂ ಮೈನಸ್ಸಿಗೂ ಮಲ್ಟಿಮೀಟರ್ ಹಿಡಿಯಿರಿ. 3 ಓಮ್ ಹತ್ತಿರ ಬಂದರೆ ಸರಿ. ಒಂದೂವರೆ ಬಂದರೆ ಅದು ಕರೆಂಟ್ ತಗ್ಗಿಸುವ ರೆಸಿಸ್ಟರ್ ಜೊತೆ ಹಾಕಬೇಕಾದ ಕಾಯಿಲ್. ಕಾಯಿಲ್ ಮೈಮೇಲೂ ಬರೆದಿರುತ್ತಾರೆ, ಓದಿ.

ಮೂಡಿಗೆರೆ ಪಿಕಪ್:
1.4 ಓಮ್. ಧೂಳು ಒರೆಸಿ ನೋಡಿದರೆ ಹೊರಗಿನ ರೆಸಿಸ್ಟರ್ ಬೇಕು ಅಂತ ಸಣ್ಣಕ್ಕೆ ಬರೆದಿದೆ. ನನ್ನ ಗಾಡಿಯಲ್ಲಿ ರೆಸಿಸ್ಟರೇ ಇಲ್ಲ, ಕೀಯಿಂದ ನೇರ ವೈರು.

ಡೆಲ್ಕೋ ಶಿವಮೊಗ್ಗ:
ಸಿಕ್ಕಿತು. ಎಂಜಿನ್ ಓಡುವಾಗ 14 ವೋಲ್ಟ್ ಅಂದುಕೊಳ್ಳಿ. ಪಾಯಿಂಟ್ ಮುಚ್ಚಿದ್ದಾಗ 10 ಆಂಪಿಯರ್ ತನಕ ಹೋಗಬಹುದು. 3 ಓಮ್ ಇದ್ದರೆ ಐದೂ ದಾಟಲ್ಲ. ಪಾಯಿಂಟ್ ಸುಟ್ಟಿದ್ದು ಅದಕ್ಕೇ. ಕಾಯಿಲ್ ಕಾದು ಒಳಗಿನ ಸುತ್ತು ಸೋಲುತ್ತದೆ, ತಣ್ಣಗಾದರೆ ಮತ್ತೆ ಕಿಡಿ ಕೊಡುತ್ತದೆ. 3 ಓಮಿನ ಕಾಯಿಲ್ ತಂದು ಹಾಕಿ, ಅದು ಒಳ್ಳೆಯದು. ಅಲ್ಲಿಯ ತನಕ ಒಂದೂವರೆ ಓಮಿನ ಬ್ಯಾಲಸ್ಟ್ ರೆಸಿಸ್ಟರ್ ಹಾಕಬಹುದು. ಅದೂ ಕೈ ಸುಡುವಷ್ಟು ಕಾಯುತ್ತದೆ. ತಗಡಿನ ಮೇಲೆ ಬೋಲ್ಟ್ ಮಾಡಿ, ಪೆಟ್ರೋಲ್ ಪೈಪಿನಿಂದ ದೂರ ಇರಲಿ.

ಹಾಸನ ಹರಿಕೇನ್:
ರೆಸಿಸ್ಟರ್ ಹಾಕಿ, ಬೇಡ ಅನ್ನಲ್ಲ. ಆದರೆ ಎಫ್.ಸಿ.ಗೆ ವೇಪರ್ ಲಾಕ್ ಬಂದೇ ಬರುತ್ತದೆ. ನನ್ನ ಪಂಪಿನ ಫೋಟೋ ಹಾಕುತ್ತೇನೆ.

ಮೂಡಿಗೆರೆ ಪಿಕಪ್:
ರೆಸಿಸ್ಟರ್ ಮತ್ತು ಹೊಸ ಪಾಯಿಂಟ್ ಹಾಕಿದೆ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ಉಜಿರೆ ಬಿಟ್ಟು ಕೊಟ್ಟಿಗೆಹಾರದ ತನಕ ಎಲ್ಲೂ ನಿಲ್ಲಲಿಲ್ಲ. ಗುಡಿ ಹತ್ತಿರ ನಾನೇ ನಿಲ್ಲಿಸಿ ಕೈ ಮುಗಿದೆ. ಶಿವಮೊಗ್ಗದವರೇ, ತುಂಬಾ ಉಪಕಾರ ಆಯಿತು. ಆದರೆ ಮಂಜು, ತಂಪು ಹವೆ. ಹಾಸನದವರು ಹೇಳಿದ್ದೂ ತಲೆಯಲ್ಲಿದೆ. ಬರುವ ಭಾನುವಾರ ಬಿಸಿಲಲ್ಲಿ ಹತ್ತಿಸಿ ಹೇಳುತ್ತೇನೆ.

ಡೆಲ್ಕೋ ಶಿವಮೊಗ್ಗ:
ಬಿಸಿಲಲ್ಲಿ ನಿಂತರೆ ತಣ್ಣಗಾಗೋಕೆ ಬಿಡಬೇಡಿ. ಆಗಲೇ ಕಾಯಿಲ್ ವೈರ್ ಎಂಜಿನ್ ಮೈಗೆ ಹತ್ತಿರ ಹಿಡಿದು ಕಿಡಿ ನೋಡಿ. ಪೆಟ್ರೋಲ್ ಸೋರಿಕೆ ಇಲ್ಲ ಅಂತ ಮೊದಲು ನೋಡಿಕೊಳ್ಳಿ. ನೀಲಿ ಕಿಡಿ ಜೋರಾಗಿ ಬಂದರೆ ಹಾಸನದವರ ಪಂಪಿನ ಕಡೆ ಹೋಗೋಣ.

ಸಕಲೇಶಪುರದವನು:
ಎಫ್.ಸಿ. ಇಟ್ಟುಕೊಂಡಿರುವ ಇಬ್ಬರು ಒಟ್ಟಿಗೆ ಸಿಕ್ಕಿದ್ದೀರಿ, ಕೇಳಿಬಿಡುತ್ತೇನೆ. ಮುಂದಿನ ಗಾಜಿನ ರಬ್ಬರ್ ಎಲ್ಲಿ ಸಿಗುತ್ತದೆ? ಮಳೆ ಬಂದರೆ ನೀರೆಲ್ಲ ಕಾಲ ಮೇಲೆ.